ನರ್ಸಿಂಗ್ ವಿದ್ಯಾರ್ಥಿಗಳ ಓದು ಮತ್ತು ಅಂಜಿಕೆ

‘‘ಓದಿದ್ದೊಂದೂ ತಲೆಯಲ್ಲಿ ನಿಲ್ಲೋದಿಲ್ಲ ಸಾರ್. ರಕ್ತ ಕಮ್ಮಿ ಇರಬೇಕು, ಒಂದು ಟಾನಿಕ್ ಬರೆದುಕೊಡಿ.’’

ಮೊಳಕಾಲ್ಮೂರು ಕಡೆಯ ನೇಕಾರರೊಬ್ಬರು ಮಗಳನ್ನು ಚಳ್ಳಕೆರೆಯ ನನ್ನ ಕ್ಲಿನಿಕ್ಕಿಗೆ ಕರೆತಂದಿದ್ದರು. ಹುಡುಗಿ ಜಿ.ಎನ್.ಎಂ. ಮೊದಲ ವರ್ಷದ ವಿದ್ಯಾರ್ಥಿನಿ. ಪರೀಕ್ಷಿಸಿದೆ, ರಕ್ತ ಚೆನ್ನಾಗಿಯೇ ಇತ್ತು. ಮಾತನಾಡಿಸಿದಾಗ ವಿಷಯ ಹೊರಬಿತ್ತು. ಕನ್ನಡ ಮಾಧ್ಯಮದಲ್ಲಿ ಮುಂದಿದ್ದವಳು, ಅಂಗರಚನಾಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಓದಬೇಕಾಗಿ ಬಂದಾಗ ತಾನು ದಡ್ಡಿ ಎಂದು ತೀರ್ಮಾನಿಸಿಬಿಟ್ಟಿದ್ದಳು. (ನಾನೂ ಇದೇ ದಾರಿಯಲ್ಲಿ ಬಂದವನು. ಎಂ.ಬಿ.ಬಿ.ಎಸ್. ಮೊದಲ ವರ್ಷ ನಿಘಂಟು ಹಿಡಿದೇ ಕಳೆದೆ.)

ಅವಳಿಗೆ ಒಂದು ಲೆಕ್ಕ ಕೊಟ್ಟೆ. 500 ಮಿ.ಲೀ. ಸಲೈನ್ 8 ಗಂಟೆಯಲ್ಲಿ ಹೋಗಬೇಕು, ಸೆಟ್ಟಿನಲ್ಲಿ 1 ಮಿ.ಲೀ.ಗೆ 20 ಹನಿ. ನಿಮಿಷಕ್ಕೆ ಎಷ್ಟು ಹನಿ ಬಿಡಬೇಕು? 10,000 ಹನಿಯನ್ನು 480 ನಿಮಿಷದಿಂದ ಭಾಗಿಸಿ, ಸುಮಾರು 21 ಎಂದು ಚೀಟಿಯ ಹಿಂಬದಿಯಲ್ಲೇ ಮಾಡಿ ತೋರಿಸಿದಳು. ಇಂಥದೇ ಲೆಕ್ಕ ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಬಂದಾಗ ಬಿಟ್ಟು ಬಂದಿದ್ದಳಂತೆ!

‘ಈ ಕೆಲಸ ನನ್ನಿಂದಾಗುತ್ತದೆ’ ಎಂಬ ನಂಬಿಕೆಯ ಮೂಲಗಳನ್ನು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ವಿವರಿಸಿದರು. ತಾನೇ ಮಾಡಿ ಗೆದ್ದ ಅನುಭವ, ತನ್ನಂಥವರು ಗೆದ್ದದ್ದನ್ನು ಕಣ್ಣಾರೆ ಕಾಣುವುದು, ಬೇಕಾದವರ ಧೈರ್ಯದ ಮಾತು, ದೇಹದ ಸ್ಥಿತಿ. ಇವುಗಳಲ್ಲಿ ಮೊದಲನೆಯದೇ ಬಲವಾದದ್ದು. ಇನ್ನು ದೇಹದ ಮಾತು: ಪರೀಕ್ಷೆಯ ಕೋಣೆಯಲ್ಲಿ ಎದೆ ಹೊಡೆದುಕೊಳ್ಳುವುದು, ಅಂಗೈ ಬೆವರುವುದು ಅಡ್ರಿನಲಿನ್‌ನ ಕೆಲಸ, ಓದು ಬಾರದ್ದಕ್ಕೆ ಸಾಕ್ಷಿಯಲ್ಲ.

‘‘ಮೊದಲ ಸಲ ಮಗ್ಗದ ಮುಂದೆ ಕೂತಾಗ ಎಷ್ಟು ಎಳೆ ಹರಿದವು?’’ ಎಂದು ತಂದೆಯನ್ನು ಕೇಳಿದೆ. ‘‘ಲೆಕ್ಕ ಇಟ್ಟವರ್ಯಾರು ಸಾರ್!’’ ಎಂದು ನಕ್ಕರು. ಮಗಳೂ ನಕ್ಕಳು.

ಈ ಅಂಜಿಕೆ ಅಂಕಪಟ್ಟಿಗೇ ನಿಲ್ಲುವುದಿಲ್ಲ. ತನ್ನ ಮೇಲೆ ನಂಬಿಕೆಯಿಲ್ಲದ ನರ್ಸ್, ಔಷಧಿಯ ಪ್ರಮಾಣದ ಬಗ್ಗೆ ಅನುಮಾನ ಬಂದರೂ ವೈದ್ಯರನ್ನು ಕೇಳಲು ಹಿಂಜರಿಯುತ್ತಾಳೆ. ಅಪಾಯ ರೋಗಿಗೆ. ಆದ್ದರಿಂದ ವಾರ್ಡಿನಲ್ಲಿ ರೋಗಿಯ ಎದುರೇ ವಿದ್ಯಾರ್ಥಿನಿಯನ್ನು ಗದರಿಸುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ತಂದೆತಾಯಿಗಳೂ ‘ಸಾಲ ಮಾಡಿ ಓದಿಸುತ್ತಿದ್ದೇವೆ’ ಎಂದು ದಿನವೂ ನೆನಪಿಸಬಾರದು.

ಟಾನಿಕ್ ಬರೆಯಲಿಲ್ಲ. ದಿನಕ್ಕೆ ಹತ್ತು ಇಂಗ್ಲಿಷ್ ಪದಗಳನ್ನು ಕನ್ನಡದ ಅರ್ಥದೊಡನೆ ಬರೆದಿಡಲು, ಓದಿದ್ದನ್ನು ಪುಸ್ತಕ ಮುಚ್ಚಿ ತನಗೆ ತಾನೇ ಕೇಳಿಕೊಳ್ಳಲು ಹೇಳಿದೆ. ಬರೀ ಮತ್ತೆ ಮತ್ತೆ ಓದುವುದಕ್ಕಿಂತ ಇದು ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ. ಕನ್ನಡ ಮಾಧ್ಯಮದಿಂದಲೇ ಬಂದ ಹಿರಿಯ ವಿದ್ಯಾರ್ಥಿನಿಯೊಬ್ಬಳ ಜೊತೆ ಕೂತು ಓದುವುದು, ರಾತ್ರಿ ಏಳು ಗಂಟೆ ನಿದ್ರೆ, ಇವೆರಡೂ ಬೇಕು.

ಎರಡು ವಾರವಾದರೂ ನಿದ್ರೆ, ಊಟ ಸರಿಹೋಗದಿದ್ದರೆ ವೈದ್ಯರನ್ನು ಕಾಣಿರಿ. ಬದುಕೇ ಬೇಡವೆಂಬ ಮಾತು ಬಾಯಿಗೆ ಬಂದರೆ ಒಂದು ದಿನವೂ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.