ಐದು ಗಂಟೆಯ ಫೋನು

ಫೆಬ್ರುವರಿ ಬಂತೆಂದರೆ ಹೈಸ್ಕೂಲು ಸ್ಟಾಫ್‌ರೂಮಿನಲ್ಲಿ ಬೇರೆ ಮಾತಿಲ್ಲ. ಈ ಸಲ ರಿಸಲ್ಟು ಎಷ್ಟು ಪರ್ಸೆಂಟು? ಎಸ್ಸೆಸ್ಸೆಲ್ಸಿಯಲ್ಲಿ ಜಿಲ್ಲೆ ಜಿಲ್ಲೆಗೂ ಸ್ಥಾನ ಹಂಚುವುದು ನಮ್ಮಲ್ಲಿ ಹಳೇ ಪದ್ಧತಿ. ಜಿಲ್ಲೆ ಕೆಳಗಿಳಿದರೆ ಡಿಡಿಪಿಐಗೆ ಪ್ರಶ್ನೆ, ಅವರಿಂದ ಬಿಇಒಗೆ, ಅಲ್ಲಿಂದ ಹೆಡ್‌ಮಾಸ್ಟರಿಗೆ, ಆಮೇಲೆ ನಮಗೆ. 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದು, ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ 73.40ಕ್ಕೆ ಇಳಿದ ಮೇಲಂತೂ ಮೀಟಿಂಗುಗಳಿಗೆ ಲೆಕ್ಕವೇ ಇಲ್ಲ. ಈ ಬೈಗುಳದ ಮೆಟ್ಟಿಲಲ್ಲಿ ನಮಗಿಂತ ಕೆಳಗೆ ಇರುವವರು ಹದಿನೈದು ವರ್ಷದ ಮಕ್ಕಳು ಮಾತ್ರ.

ಪೂರ್ವಸಿದ್ಧತಾ ಪರೀಕ್ಷೆಯ ಗಣಿತ ಪತ್ರಿಕೆ ತಿದ್ದುತ್ತಿದ್ದೆ. ಒಂದು ಹಾಳೆಯಲ್ಲಿ ಥೇಲ್ಸ್ ಪ್ರಮೇಯದ ತ್ರಿಭುಜವನ್ನು ಬರೆದು, ಅಳಿಸಿ, ಮತ್ತೆ ಬರೆದು, ಮತ್ತೆ ಅಳಿಸಿ, ಶೃಂಗದ ಹತ್ತಿರ ಕಾಗದ ತೂತೇ ಬಿದ್ದಿತ್ತು. ಕೆಳಗೆ ‘ದತ್ತ’ ಎಂದು ಬರೆದವಳು ಅಲ್ಲಿಗೇ ನಿಲ್ಲಿಸಿದ್ದಳು. ಸಾಧನೀಯವೂ ಇಲ್ಲ, ರಚನೆಯೂ ಇಲ್ಲ. ಹಿಂದಿನ ವಾರವಷ್ಟೇ ಬೋರ್ಡಿನ ಮುಂದೆ ನಿಂತು ಇದೇ ಪ್ರಮೇಯವನ್ನು ತಡವರಿಸದೆ ಸಾಧಿಸಿದ ಹುಡುಗಿ ಅವಳು.

ಕರೆದು ಕೇಳಿದರೆ ಪ್ರಮೇಯದ ಮಾತೇ ಎತ್ತಲಿಲ್ಲ. “ಐದು ಗಂಟೆಗೆ ಸ್ಕೂಲಿಂದ ಫೋನ್ ಬರುತ್ತಲ್ಲ ಮಿಸ್, ಅಷ್ಟರೊಳಗೆ ಎದ್ದಿರ್ಬೇಕು ಅಂತ ಮೂರೂವರೆಗೇ ಎಚ್ಚರ ಆಗಿಬಿಡುತ್ತೆ. ಆಮೇಲೆ ಎದೆ ಡವಡವ ಅಂತಿರುತ್ತೆ” ಅಂದಳು.

ಬೆಳಗಿನ ಜಾವ ಫೋನ್ ಮಾಡಿ ಹತ್ತನೇ ಕ್ಲಾಸಿನವರನ್ನು ಓದಿಗೆ ಎಬ್ಬಿಸುವುದು ನಮ್ಮ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ರೂಢಿ. ಅದನ್ನು ತೀರಾ ತಪ್ಪೆನ್ನಲಾರೆ. ಅಪ್ಪ ಅಮ್ಮ ಕತ್ತಲಲ್ಲೇ ಕೂಲಿಗೆ ಹೊರಡುವ ಮನೆಗಳಲ್ಲಿ ಆ ಫೋನಿನಿಂದಲೇ ಪಾಸಾದವರಿದ್ದಾರೆ. ಆದರೆ ರಾತ್ರಿ ಹನ್ನೊಂದಕ್ಕೆ ಪುಸ್ತಕ ಮುಚ್ಚುವ ಮಗುವಿಗೆ ಅದೇ ಫೋನು ನಿದ್ದೆಗೆ ಕುತ್ತು. ಓದಿದ್ದು ತಲೆಯಲ್ಲಿ ನೆಲೆಯೂರಲು ನಿದ್ದೆ ಬೇಕೇ ಬೇಕು. ಎಂಟು ತಾಸು ಕೇಳುವ ವಯಸ್ಸಿಗೆ ನಾಲ್ಕೂವರೆ ತಾಸು ಕೊಟ್ಟರೆ ಬಂದ ಪ್ರಮೇಯವೂ ಮರೆಯುತ್ತದೆ. ಅವಳ ಹೆಸರನ್ನು ಫೋನಿನ ಪಟ್ಟಿಯಿಂದ ತೆಗೆಸಿದೆ.

ಈಗ ಅಂಕದ ಮಾತಿಗೆ ಮೊದಲು ನಿದ್ದೆ ವಿಚಾರಿಸುತ್ತೇನೆ. ಟೆಸ್ಟಿನ ದಿನವೇ ಬರುವ ಹೊಟ್ಟೆನೋವು, ಬಿಸಿಯೂಟದ ತಟ್ಟೆಯಲ್ಲಿ ಹಾಗೇ ಉಳಿಯುವ ಅನ್ನ, ಸಣ್ಣ ಮಾತಿಗೆ ಸಿಡುಕು ಇವನ್ನೆಲ್ಲ ‘ನಾಟಕ’ ಎಂದು ತಳ್ಳಿಹಾಕುವವರೇ ಜಾಸ್ತಿ. ಜಾಣ ಮಕ್ಕಳದ್ದು ಇನ್ನೂ ಕಷ್ಟ. ಪಾಸಾಗುತ್ತೇನೋ ಇಲ್ಲವೋ ಎಂದು ಹೆದರುವವನಿಗೆ ಸಮಾಧಾನ ಹೇಳಲು ಹತ್ತು ಜನ. 625ಕ್ಕೆ 610 ತೆಗೆದು ಮಂಕಾಗಿ ಕೂತವಳನ್ನು ಕಂಡರೆ ನಗುತ್ತಾರೆ. ಟ್ಯೂಷನ್ನಿನವರ ಫ್ಲೆಕ್ಸಿನಲ್ಲಿ ತನ್ನ ಫೋಟೊ ಯಾವ ಸಾಲಿನಲ್ಲಿ ಬರುತ್ತದೆ ಎಂಬುದು ಅವಳಿಗೆ ಗೊತ್ತು.

2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಪಾಸಾದವರೂ ಮತ್ತೆ ಬರೆಯಬಹುದು, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ‘ಸಪ್ಲಿಮೆಂಟರಿ’ ಎಂಬ ಹಣೆಪಟ್ಟಿ ಕಾಗದದಿಂದ ಹೋಯಿತು. ಮನೆಗಳಲ್ಲಿ ಹೋಗಿಲ್ಲ. ಹಾಗಾಗಿ ಪೋಷಕರ ಸಭೆಯಲ್ಲಿ ಪಠ್ಯದ ಮಾತು ಬದಿಗಿಟ್ಟು ಈ ನಿಯಮವನ್ನೇ ಬಿಡಿಸಿ ಹೇಳುತ್ತೇನೆ. “ಹಂಗಾದ್ರೆ ಒಂದು ವರ್ಷ ಹಾಳಾಗಲ್ವಾ ಮೇಡಂ?” ಎಂದು ಪ್ರತಿ ಸಲ ಯಾರಾದರೊಬ್ಬರು ಕೇಳುತ್ತಾರೆ. ಇಲ್ಲ ಎಂದ ಕೂಡಲೇ ಅವರ ಮುಖ ಸಡಿಲಾಗುತ್ತದೆ.

ಕ್ಲಾಸಿನ ಬೋರ್ಡಿನ ಮೂಲೆಯಲ್ಲಿ, ವೇಳಾಪಟ್ಟಿಯ ಪಕ್ಕ, ಟೆಲಿ ಮಾನಸ್ ಸಹಾಯವಾಣಿಯ ನಂಬರು 14416 ಬರೆದಿದ್ದೇನೆ. ದುಡ್ಡು ಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮೊದಲು ಅದನ್ನು ಬರೆದುಕೊಂಡವರು ನಮ್ಮ ಸ್ಟಾಫ್‌ರೂಮಿನವರೇ ಒಬ್ಬರು.