ಗ್ರಾಮೀಣ ಬಡತನ: ಸಮೀರವಾಡಿಯ ಕಬ್ಬಿನ ಸೀಮೆಯಿಂದ ಒಂದು ಟಿಪ್ಪಣಿ

ನೀರು ಬಂದರೆ ಬಡತನ ಹೋಗುತ್ತದೆ ಎಂದು ಪರೀಕ್ಷೆಯಲ್ಲಿ ಉತ್ತರ ಬರೆಯುವವರು ಬಾಗಲಕೋಟೆ ಜಿಲ್ಲೆಯ ಸಮೀರವಾಡಿಯನ್ನು ನೆನೆಯಬೇಕು. ಘಟಪ್ರಭಾ ನೀರುಂಡ ಕಬ್ಬಿನ ಸೀಮೆ. ಊರಲ್ಲೇ ಗೋದಾವರಿ ಸಕ್ಕರೆ ಕಾರ್ಖಾನೆ. ಆದರೂ ಹಂಗಾಮಿನಲ್ಲಿ ಗದ್ದೆಯ ಬದುವಿನ ಮೇಲೆ ಕಬ್ಬು ಕಡಿಯುವ ಗ್ಯಾಂಗಿನ ತಾಡಪಾಲು ಗುಡಿಸಲು, ಪಕ್ಕದಲ್ಲಿ ಸೀರೆಯ ಜೋಳಿಗೆಯಲ್ಲಿ ಮಲಗಿದ ಕೂಸು ಕಾಣುತ್ತದೆ.

ಕಾರಣಗಳಲ್ಲಿ ಮೊದಲು ಭೂಹೀನತೆ. ನಂತರ ಹಂಗಾಮಿ ಕೆಲಸ, ಮುಂಗಡದ ಸಾಲ, ವಲಸೆಯಿಂದ ತಪ್ಪುವ ಮಕ್ಕಳ ಶಾಲೆ. ಮುಂಗಡ ತೀರದಿದ್ದರೆ ಮುಂದಿನ ವರ್ಷವೂ ಅದೇ ಮುಕಾದಮನ (ಗ್ಯಾಂಗಿನ ಮೇಸ್ತ್ರಿಯ) ಕೈಕೆಳಗೆ. ಇದೇ ಜಿಲ್ಲೆಯ ರಬಕವಿ-ಬನಹಟ್ಟಿಯಲ್ಲಿ ಕೈಮಗ್ಗದ ಕೂಲಿಯನ್ನು ವಿದ್ಯುತ್ ಮಗ್ಗ ಕಿತ್ತುಕೊಂಡಿತು. ಬೀಳಗಿ ಭಾಗದಲ್ಲಿ ಆಲಮಟ್ಟಿ ಹಿನ್ನೀರು ಹೊಲಗಳನ್ನೇ ನುಂಗಿತು.

ನೀತಿಗಳು: 1974ರ ಭೂಸುಧಾರಣಾ ತಿದ್ದುಪಡಿ ಗೇಣಿ ಪದ್ಧತಿ ರದ್ದುಮಾಡಿತು, 1976ರ ಕಾಯ್ದೆ ಜೀತವನ್ನು ನಿಷೇಧಿಸಿತು. ಪ್ರಾದೇಶಿಕ ಅಸಮತೋಲನ ಕುರಿತ ನಂಜುಂಡಪ್ಪ ಸಮಿತಿಯ 2002ರ ವರದಿ 114 ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿತು. 2005ರ ಉದ್ಯೋಗ ಖಾತರಿ ಕಾಯ್ದೆ ಪ್ರತಿ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೂಲಿಯ ಹಕ್ಕು ಕೊಟ್ಟಿತು. 2013ರಲ್ಲಿ ಅನ್ನಭಾಗ್ಯ ಪಡಿತರ ಯೋಜನೆ ಬಂತು.

ಕಬ್ಬಿಗೆ ಸಂಬಂಧಿಸಿ ಪರೀಕ್ಷೆಯಲ್ಲಿ ಕೇಳಬಹುದಾದದ್ದು: ಎಫ್‌ಆರ್‌ಪಿ, ಅಂದರೆ ನ್ಯಾಯೋಚಿತ ಮತ್ತು ಲಾಭದಾಯಕ ಬೆಲೆ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಪೂರೈಸಿದ 14 ದಿನಗಳೊಳಗೆ ಕಾರ್ಖಾನೆ ಹಣ ಪಾವತಿಸಬೇಕು; ತಡವಾದರೆ ವಾರ್ಷಿಕ ಶೇ. 15 ಬಡ್ಡಿ. ಈ ರಕ್ಷಣೆ ಬೆಳೆಗಾರನಿಗೆ. ಕಡಿಯುವವನ ಕೂಲಿಗೆ ಈ ಆದೇಶ ಅನ್ವಯಿಸುವುದಿಲ್ಲ.