ಅರಿವು ಕೇಂದ್ರದ ಓದುಗರಿಗೆ ಮೊಬೈಲ್ ಸಂದೇಶದ ಮೂಲಕ ನೆರವು: ಗ್ರಾಮ ಪಂಚಾಯತಿ ಸದಸ್ಯರಿಗೆ ಅಧ್ಯಯನ ಪಾಠ

1. ಪೀಠಿಕೆ

ರಾಜ್ಯದ ಗ್ರಾಮ ಪಂಚಾಯತಿ ಮಟ್ಟದ ಗ್ರಂಥಾಲಯಗಳು 2019ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದವು. 2020ರ ನವೆಂಬರ್‌ನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮವು ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಿತು. ಇಂದು ಇವೇ ಗ್ರಂಥಾಲಯಗಳು ‘ಅರಿವು ಕೇಂದ್ರ’ಗಳಾಗಿವೆ.

ಆದರೆ ಕೇಂದ್ರದ ಬಾಗಿಲು ತೆರೆದಿರುವ ವೇಳೆಯೂ ಓದುಗರಿಗೆ ಬಿಡುವಿರುವ ವೇಳೆಯೂ ಅನೇಕ ವೇಳೆ ಒಂದೇ ಆಗಿರುವುದಿಲ್ಲ. ಕೋಲಾರ ಜಿಲ್ಲೆಯ ನರಸಾಪುರ, ವೇಮಗಲ್ ಹಾಗೂ ಮಾಲೂರು ಕೈಗಾರಿಕಾ ಪ್ರದೇಶಗಳಲ್ಲಿ ಪಾಳಿಯ ಮೇಲೆ ದುಡಿಯುವ ಯುವಕ ಯುವತಿಯರು ಊರು ಸೇರುವಷ್ಟರಲ್ಲಿ ಕೇಂದ್ರ ಮುಚ್ಚಿರುತ್ತದೆ. ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿ ಬಂದರೆ ಮನೆಮಂದಿಯೆಲ್ಲ ತೋಟದಲ್ಲಿರುತ್ತಾರೆ. ಸಂಜೆ ಒಬ್ಬಳೇ ಹೊರಗೆ ಹೋಗಲು ಅನುಮತಿಯಿಲ್ಲದ ವಿದ್ಯಾರ್ಥಿನಿಗೆ ಕೇಂದ್ರ ಪಕ್ಕದ ಬೀದಿಯಲ್ಲಿದ್ದರೂ ದೂರವೇ. ಅರ್ಜಿಯ ಕೊನೆಯ ದಿನಾಂಕ ತಿಳಿಯದೆ ಒಬ್ಬ ಅಭ್ಯರ್ಥಿ ಒಂದು ವರ್ಷವನ್ನೇ ಕಳೆದುಕೊಳ್ಳಬಹುದು. ಈ ಅಂತರವನ್ನು ಕಡಿಮೆ ಮಾಡುವ ಸರಳ ಮಾರ್ಗವೇ ಸಂದೇಶ ಸೇವೆ.

2. ಸೇವೆಯ ಸ್ವರೂಪ

ಓದುಗರು ಕೇಂದ್ರದ ಮೊಬೈಲ್ ಸಂಖ್ಯೆಗೆ ಎಸ್‌ಎಂಎಸ್ ಅಥವಾ ವಾಟ್ಸ್‌ಆ್ಯಪ್ ಮೂಲಕ ಪ್ರಶ್ನೆ ಕಳುಹಿಸುತ್ತಾರೆ. ಮೇಲ್ವಿಚಾರಕರು ನಿಗದಿತ ಅವಧಿಯೊಳಗೆ ಉತ್ತರಿಸುತ್ತಾರೆ. ಇದು ಹೊಸ ಕಲ್ಪನೆಯಲ್ಲ. ಅಮೆರಿಕದ ಲೂಯಿಸಿಯಾನ ರಾಜ್ಯದ ಸೌತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಗ್ರಂಥಾಲಯವು 2005ರಲ್ಲಿಯೇ ಎಸ್‌ಎಂಎಸ್ ಮೂಲಕ ಓದುಗರ ಪ್ರಶ್ನೆಗಳಿಗೆ ಉತ್ತರಿಸಲು ಆರಂಭಿಸಿತ್ತು. ಇದರ ಹಿಂದಿನ ತತ್ವ ಇನ್ನೂ ಹಳೆಯದು. ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಕಾಲವನ್ನು ಉಳಿಸುವುದಕ್ಕೆ ಸಂಬಂಧಿಸಿದೆ.

3. ಉತ್ತರಿಸುವ ಕ್ರಮ

ಓದುಗರು ಮೊದಲು ಕೇಳುವ ಪ್ರಶ್ನೆ ಅವರ ನಿಜವಾದ ಅಗತ್ಯವನ್ನು ಪೂರ್ಣವಾಗಿ ಹೇಳುವುದಿಲ್ಲ. ಉದಾಹರಣೆಗೆ, “ಪೊಲೀಸ್ ಪುಸ್ತಕ ಇದೆಯಾ?” ಎಂಬ ಸಂದೇಶಕ್ಕೆ ‘ಇದೆ’ ಅಥವಾ ‘ಇಲ್ಲ’ ಎಂದರೆ ಉತ್ತರವಾಗದು. ಕಾನ್‌ಸ್ಟೆಬಲ್ ಪರೀಕ್ಷೆಗೋ, ಪಿಎಸ್‌ಐ ಪರೀಕ್ಷೆಗೋ ಎಂದು ಒಂದು ಮರುಪ್ರಶ್ನೆ ಕೇಳಿದರೆ ಸರಿಯಾದ ಪುಸ್ತಕ ಸಿಗುತ್ತದೆ.

ಉತ್ತರದೊಂದಿಗೆ ಅದರ ಮೂಲವನ್ನೂ ತಿಳಿಸಬೇಕು. ಮುಳಬಾಗಿಲಿನ ವಿದ್ಯಾರ್ಥಿಯೊಬ್ಬ ಡಿ.ವಿ.ಜಿ. ಅವರ ಕುರಿತು ಕೇಳಿದರೆ, ಅವರು 1887ರಲ್ಲಿ ಮುಳಬಾಗಿಲಿನಲ್ಲಿ ಜನಿಸಿದರು ಎಂಬ ವಿವರದೊಂದಿಗೆ, ಹೆಚ್ಚಿನ ಓದಿಗೆ ಕೇಂದ್ರದ ಯಾವ ಕಪಾಟಿನಲ್ಲಿ ಯಾವ ಪುಸ್ತಕವಿದೆ ಎಂಬುದನ್ನೂ ಬರೆಯಬೇಕು. ಹಾಗೆ ಬರೆದಾಗ ಸಂದೇಶವು ಓದುಗನನ್ನು ಪುಸ್ತಕದ ಬಳಿಗೆ ಕರೆತರುತ್ತದೆ. ಉದ್ಯೋಗ, ಪರೀಕ್ಷೆ, ಯೋಜನೆಗಳ ವಿಷಯದಲ್ಲಿ ಕೆಪಿಎಸ್‌ಸಿ, ಕೆಇಎ, ಸೇವಾ ಸಿಂಧು ಮುಂತಾದ ಅಧಿಕೃತ ಜಾಲತಾಣಗಳನ್ನು ನೋಡಿಯೇ ಉತ್ತರಿಸತಕ್ಕದ್ದು. ಬೇರೆಯವರು ಕಳುಹಿಸಿದ ಸಂದೇಶವನ್ನು ಹಾಗೆಯೇ ಮುಂದಕ್ಕೆ ಕಳುಹಿಸತಕ್ಕದ್ದಲ್ಲ.

4. ಕನ್ನಡ ಎಸ್‌ಎಂಎಸ್‌ನ ಅಳತೆ

ಇಂಗ್ಲಿಷ್ ಲಿಪಿಯ ಒಂದು ಎಸ್‌ಎಂಎಸ್‌ನಲ್ಲಿ 160 ಅಕ್ಷರಗಳಿಗೆ ಅವಕಾಶವಿದ್ದರೆ, ಕನ್ನಡ ಲಿಪಿಗೆ 70 ಸಂಕೇತಗಳಿಗೆ ಮಾತ್ರ ಅವಕಾಶವಿದೆ. ಕಾಗುಣಿತದ ಚಿಹ್ನೆ, ಒತ್ತಕ್ಷರದ ಜೋಡಣೆ, ಅನುಸ್ವಾರ ಇವೆಲ್ಲವೂ ಪ್ರತ್ಯೇಕ ಸಂಕೇತಗಳಾಗಿ ಎಣಿಕೆಯಾಗುತ್ತವೆ. ‘ಗ್ರಂಥಾಲಯ’ ಎಂಬ ಪದವು ಬರೆಯುವಾಗ ನಾಲ್ಕು ಅಕ್ಷರವಾದರೂ ಎಣಿಕೆಯಲ್ಲಿ ಎಂಟು. ಮಿತಿ ಮೀರಿದರೆ ಸಂದೇಶವು ಎರಡಾಗಿ ಲೆಕ್ಕವಾಗಿ ವೆಚ್ಚವೂ ಹೆಚ್ಚುತ್ತದೆ. ಕೆಳಗಿನ ಮಾದರಿಯು 70ರ ಮಿತಿಯೊಳಗಿದೆ:

“ನೀವು ಕೇಳಿದ ಪುಸ್ತಕ ಬಂದಿದೆ. ಶನಿವಾರದೊಳಗೆ ಪಡೆಯಿರಿ. -ಅರಿವು ಕೇಂದ್ರ”

ಸಗಟು ಎಸ್‌ಎಂಎಸ್ ವ್ಯವಸ್ಥೆ ಬಳಸುವುದಾದರೆ ಟ್ರಾಯ್‌ನ 2018ರ ನಿಯಮಾವಳಿಯಂತೆ ಕಳುಹಿಸುವವರ ಹೆಸರು ಮತ್ತು ಸಂದೇಶದ ಮಾದರಿಯ ನೋಂದಣಿ ಅಗತ್ಯ. ಆದ್ದರಿಂದ ಆರಂಭದಲ್ಲಿ ಒಬ್ಬೊಬ್ಬರಿಗೆ ಉತ್ತರಿಸುವುದೇ ಸೂಕ್ತ.

5. ಗೋಪ್ಯತೆ ಮತ್ತು ಸುರಕ್ಷತೆ

ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪ್ರತಿಯೊಬ್ಬರ ಮೊಬೈಲ್ ಸಂಖ್ಯೆಯೂ ಉಳಿದವರಿಗೆ ಕಾಣುತ್ತದೆ. ಹೆಣ್ಣುಮಕ್ಕಳ ಸಂಖ್ಯೆ ಹೀಗೆ ಬಹಿರಂಗವಾದರೆ ಕಿರುಕುಳಕ್ಕೆ ದಾರಿಯಾಗಬಹುದು. ಅದರೊಂದಿಗೆ ಅವರ ಓದೂ ನಿಲ್ಲಬಹುದು. ಆದ್ದರಿಂದ ಗುಂಪಿನ ಬದಲು ‘ಬ್ರಾಡ್‌ಕಾಸ್ಟ್ ಪಟ್ಟಿ’ ಬಳಸುವುದು ಕ್ಷೇಮ. ಇದರಲ್ಲಿ ಸಂದೇಶ ಎಲ್ಲರಿಗೂ ಬೇರೆ ಬೇರೆಯಾಗಿ ತಲುಪುತ್ತದೆ. ಆದರೆ ಕೇಂದ್ರದ ಸಂಖ್ಯೆಯನ್ನು ತಮ್ಮ ಮೊಬೈಲ್‌ನಲ್ಲಿ ಉಳಿಸಿಕೊಂಡವರಿಗೆ ಮಾತ್ರ ತಲುಪುವುದರಿಂದ ಸದಸ್ಯತ್ವ ನೀಡುವಾಗಲೇ ಇದನ್ನು ತಿಳಿಸಬೇಕು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷ ತುಂಬದವರನ್ನು ಮಕ್ಕಳೆಂದು ಪರಿಗಣಿಸುತ್ತದೆ. ಮಕ್ಕಳ ಸಂಖ್ಯೆಯನ್ನು ಸೇರಿಸುವ ಮುನ್ನ ಪೋಷಕರ ಲಿಖಿತ ಒಪ್ಪಿಗೆ ಪಡೆಯತಕ್ಕದ್ದು. ಆಧಾರ್ ಪ್ರತಿ, ಬ್ಯಾಂಕ್ ವಿವರ, ಒಟಿಪಿ ಇವುಗಳನ್ನು ಕೇಂದ್ರವು ಕೇಳುವುದೂ ಇಲ್ಲ, ಸ್ವೀಕರಿಸುವುದೂ ಇಲ್ಲ ಎಂಬ ಫಲಕ ಬಾಗಿಲಲ್ಲಿರಲಿ. ಯಾರು ಯಾವ ಪುಸ್ತಕ ಕೇಳಿದರು ಎಂಬುದು ಮೇಲ್ವಿಚಾರಕರಲ್ಲಿಯೇ ಉಳಿಯಬೇಕು. ಅದನ್ನು ಸದಸ್ಯರೂ ಕೇಳಬಾರದು.

6. ಮೊಬೈಲ್ ಇಲ್ಲದವರು

ಎಲ್ಲ ಮನೆಗಳಲ್ಲೂ ಸ್ಮಾರ್ಟ್‌ಫೋನ್ ಇಲ್ಲ. ಇರುವ ಮನೆಯಲ್ಲೂ ಅದು ಹೆಚ್ಚಾಗಿ ಗಂಡಸರ ಕೈಯಲ್ಲಿರುತ್ತದೆ. ಸಂದೇಶ ಸೇವೆ ಆರಂಭವಾಯಿತೆಂದು ಕೇಂದ್ರ ತೆರೆದಿರುವ ಅವಧಿಯನ್ನು ಕಡಿಮೆ ಮಾಡುವಂತಿಲ್ಲ. ಮುಳಬಾಗಿಲು, ಶ್ರೀನಿವಾಸಪುರದ ಗಡಿಭಾಗದಲ್ಲಿ ತೆಲುಗು ಮನೆಮಾತಿನ ಕುಟುಂಬಗಳು ಬಹಳ. ಓದಲು ಬಾರದ ಹಿರಿಯರಿಗೂ ದೃಷ್ಟಿದೋಷವುಳ್ಳವರಿಗೂ ಅವರ ಮಾತಿನಲ್ಲಿಯೇ ಧ್ವನಿ ಸಂದೇಶ ಕಳುಹಿಸಬಹುದು. ಮೊಬೈಲ್ ಇಲ್ಲದವರ ಪ್ರಶ್ನೆಗಳಿಗಾಗಿ ಶಾಲೆ, ಅಂಗನವಾಡಿ ಮತ್ತು ಹಾಲಿನ ಡೇರಿಯಲ್ಲಿ ಒಂದು ಪ್ರಶ್ನೆ ಪೆಟ್ಟಿಗೆ ಇಟ್ಟರೆ ಸಾಕು.

7. ಪಂಚಾಯತಿ ಕೈಗೊಳ್ಳಬೇಕಾದ ನಿರ್ಣಯಗಳು

ಅ) ಸಿಮ್ ಕಾರ್ಡ್ ಮತ್ತು ಮೊಬೈಲ್ ಪಂಚಾಯತಿಯ ಹೆಸರಿನಲ್ಲಿರಬೇಕು. ಮೇಲ್ವಿಚಾರಕರ ಸ್ವಂತ ಸಂಖ್ಯೆ ಬಳಸಿದರೆ ಅವರು ಬದಲಾದ ದಿನ ಸೇವೆಯೂ ನಿಲ್ಲುತ್ತದೆ.
ಆ) ಉತ್ತರಿಸುವ ವೇಳೆಯನ್ನು ನಿಗದಿಪಡಿಸಬೇಕು. ರಾತ್ರಿ ಬಂದ ಪ್ರಶ್ನೆಗೆ ಮರುದಿನ ಉತ್ತರ ದೊರೆಯುವುದೆಂದು ವಾಟ್ಸ್‌ಆ್ಯಪ್ ಬಿಸಿನೆಸ್‌ನ ಸ್ವಯಂಚಾಲಿತ ಸಂದೇಶದಿಂದ ತಿಳಿಸಬಹುದು. ಮೇಲ್ವಿಚಾರಕರಿಗೆ ಹಗಲು ರಾತ್ರಿ ಕೆಲಸ ಹೊರಿಸುವುದು ನ್ಯಾಯವಲ್ಲ.
ಇ) ಪ್ರಶ್ನೆಗಳ ವಹಿಯನ್ನು ಹೆಸರಿಲ್ಲದೆ ನಿರ್ವಹಿಸಬೇಕು. ಪದೇ ಪದೇ ಕೇಳಿದರೂ ದೊರೆಯದ ಪುಸ್ತಕಗಳ ಪಟ್ಟಿಯೇ ಮುಂದಿನ ಖರೀದಿಗೆ ಆಧಾರವಾಗಲಿ.
ಈ) ಶೇ. 6ರ ಗ್ರಂಥಾಲಯ ಕರದ ವಸೂಲಿ ಮತ್ತು ವೆಚ್ಚದ ಲೆಕ್ಕವು ಸಾಮಾನ್ಯ ಸಭೆಯ ಮುಂದೆ ಬರಬೇಕು.

8. ಚರ್ಚೆಗೆ ಪ್ರಶ್ನೆಗಳು

1) ನಮ್ಮ ಅರಿವು ಕೇಂದ್ರ ತೆರೆದಿರುವ ವೇಳೆಯಲ್ಲಿ ಬರಲಾಗದವರು ಯಾರು?
2) ಕಳೆದ ತಿಂಗಳು ಓದುಗರು ಕೇಳಿಯೂ ಸಿಗದ ಪುಸ್ತಕಗಳು ಯಾವುವು?
3) ಕೇಂದ್ರದ ಮೊಬೈಲ್ ಸಂಖ್ಯೆ ಗ್ರಾಮದ ಎಷ್ಟು ಮನೆಗಳಿಗೆ ತಿಳಿದಿದೆ?

ಮುಂದಿನ ಸಾಮಾನ್ಯ ಸಭೆಗೆ ಬರುವ ಮುನ್ನ ಪ್ರತಿಯೊಬ್ಬ ಸದಸ್ಯರೂ ತಮ್ಮ ವಾರ್ಡಿನ ಐದು ಮನೆಗಳಲ್ಲಿ ಮೊದಲ ಮತ್ತು ಮೂರನೆಯ ಪ್ರಶ್ನೆಯನ್ನು ವಿಚಾರಿಸಿ ಬರುವುದು ಅಪೇಕ್ಷಣೀಯ.